ಹಣೆಬರಹದ ಡಿಫಾಲ್ಟು, ಕೇಳಿ ನಡೆಯೋ ಡಿಫಾಲ್ಟು: ಕೀಕ್ಯಾಡ್ ಬಳಸುವವರಿಗೊಂದು ಪಾಠ

ಕಳೆದ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾವು ಐದು ಜನ ಸೇರಿ ಒಂದು ಮೋಟರ್ ಡ್ರೈವರ್ ಬೋರ್ಡ್ ಮಾಡಿದ್ವಿ. 12 ವೋಲ್ಟಿನ ಎರಡು ಲೆಡ್ ಆಸಿಡ್ ಬ್ಯಾಟರಿ ಸೀರೀಸಿನಲ್ಲಿ, ಒಟ್ಟು 24 ವೋಲ್ಟು. ಸ್ಕೀಮ್ಯಾಟಿಕ್ ಎರಡು ಹಾಳೆ. ಒಂದನ್ನು ಇಬ್ಬರು ಬಿಡಿಸಿದ್ರು, ಇನ್ನೊಂದನ್ನು ಮತ್ತಿಬ್ಬರು. ಐದನೆಯವನು ಎಸ್.ಪಿ. ರೋಡಿಗೆ ಹೋಗಿ ಸಾಮಾನು ತಂದ. ಪವರ್ ಕೊಟ್ಟು ಅರ್ಧ ನಿಮಿಷ ಆಗಿರಲಿಲ್ಲ, ಸಿ7 ಅನ್ನೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಟಪ್ ಅಂತ ತಲೆ ಬಿರಿದುಕೊಂಡು ಹೊಗೆ ಉಗುಳಿತು. ಬಗ್ಗಿ ನೋಡುತ್ತಿದ್ದ ಗೆಳತಿಗೆ ಕನ್ನಡಕ ಇತ್ತು ಅನ್ನೋದೊಂದೇ ಪುಣ್ಯ. ಗಾಜಿನ ಮೇಲೆ ಸಿಡಿದ ಕಲೆ ಒರೆಸಿಕೊಂಡು ಅವಳೇ ಮೊದಲು ಕೇಳಿದ್ದು: "ಪೋಲಾರಿಟಿ ಸರಿ ಇತ್ತಲ್ವಾ?"

ಪೋಲಾರಿಟಿ ಸರಿ ಇತ್ತು. ಕೆಪಾಸಿಟರಿನ ಮೈಮೇಲೆ 16 ವೋಲ್ಟ್ ಅಂತ ಬರೆದಿತ್ತು.

ತಪ್ಪು ಅಂಗಡಿಯದ್ದಲ್ಲ. ಅಂಗಡಿಯವರು "ಎಷ್ಟು ವೋಲ್ಟಿಂದು?" ಅಂತ ಕೇಳಿದ್ರಂತೆ. ನಮ್ಮವನು ಕೈಲಿದ್ದ ಸಾಮಾನು ಪಟ್ಟಿ, ಅಂದ್ರೆ ಬಿಒಎಂ, ನೋಡಿದ. ಅದರಲ್ಲಿ ಒಂದೇ ಮೌಲ್ಯದ ಕೆಪಾಸಿಟರ್ ಮೂರು ಸಾಲಿನಲ್ಲಿತ್ತು: "100ಯುಎಫ್/50ವಿ" ಎರಡು, "100 ಯುಎಫ್ 50ವಿ" ಒಂದು, ಬರೀ "100ಯು" ಮೂರು. ಕೊನೇ ಸಾಲಿನಲ್ಲಿ ವೋಲ್ಟೇಜೇ ಇಲ್ಲ. "ಯಾವುದಾದ್ರೂ ಕೊಡಿ" ಅಂದ. ಅವರು ಕೊಟ್ಟರು. ಪಟ್ಟಿ ಕೇಳದೇ ಇದ್ದ ಪ್ರಶ್ನೆಗೆ ಅವನು ತಾನೇ ಉತ್ತರ ಹೇಳಬೇಕಾಯ್ತು, ಅಷ್ಟೇ.

ಆಮೇಲೆ ಲೆಕ್ಕ ಹಾಕಿದಾಗ ಇನ್ನೊಂದು ವಿಷಯ ಗೊತ್ತಾಯ್ತು. ಪೂರ್ತಿ ಚಾರ್ಜ್ ಆಗುವ ಹೊತ್ತಿಗೆ ಒಂದೊಂದು ಬ್ಯಾಟರಿ 14 ವೋಲ್ಟಿನ ಹತ್ತಿರ ಇರುತ್ತೆ. ಎರಡು ಸೇರಿದರೆ 28. ಅಂದ್ರೆ 25 ವೋಲ್ಟಿನ ಕೆಪಾಸಿಟರ್ ತಂದಿದ್ದರೂ ತಪ್ಪೇ. 35 ಅಥವಾ 50 ಬೇಕಿತ್ತು. ಇದು ನಾಲ್ವರಲ್ಲಿ ಇಬ್ಬರಿಗೆ ಗೊತ್ತಿತ್ತು, ಅವರ ಹಾಳೆಯಲ್ಲಿ ಬರೆದೂ ಇದ್ರು. ಇನ್ನಿಬ್ಬರ ಹಾಳೆಯಲ್ಲಿ ಬರೆಯೋಕೆ ಅಂತ ಜಾಗವೇ ಇರಲಿಲ್ಲ. ಹಾಗಾಗಿ ಪ್ರಶ್ನೆಯೂ ಹುಟ್ಟಲಿಲ್ಲ. ಈ ಲೇಖನ ಆ ಜಾಗದ ಬಗ್ಗೆ.

ಫೀಲ್ಡ್ ಅಂದ್ರೆ ಏನು

ನಾವು ಬಳಸೋದು ಕೀಕ್ಯಾಡ್. 1992ರಲ್ಲಿ ಫ್ರಾನ್ಸಿನಲ್ಲಿ ಶುರುವಾದ, 2013ರಿಂದ ಸರ್ನ್ ಸಂಸ್ಥೆಯ ನೆರವೂ ಸಿಕ್ಕ, ಲೈಸೆನ್ಸಿಗೆ ಒಂದು ರೂಪಾಯಿ ಕೇಳದ ತಂತ್ರಾಂಶ. ಇಲ್ಲಿ ಹೇಳೋದೆಲ್ಲ ಅದರ 8ನೇ ಆವೃತ್ತಿಯಲ್ಲಿ ನಾವು ಮಾಡಿ ನೋಡಿದ್ದು. ಮೆನುವಿನ ಹೆಸರು ನಿಮ್ಮ ಆವೃತ್ತಿಯಲ್ಲಿ ಸ್ವಲ್ಪ ಆಚೀಚೆ ಇರಬಹುದು.

ಸ್ಕೀಮ್ಯಾಟಿಕ್ ಹಾಳೆಯಲ್ಲಿ ಒಂದು ರೆಸಿಸ್ಟರ್ ಇಟ್ಟರೆ ಅದು ಬರೀ ಚಿತ್ರ ಅಲ್ಲ. ಅದರ ಬೆನ್ನಿಗೆ ಒಂದು ಚೀಟಿ ಅಂಟಿರುತ್ತೆ. ಅದರಲ್ಲಿ ರೆಫರೆನ್ಸ್, ವ್ಯಾಲ್ಯೂ, ಫುಟ್‌ಪ್ರಿಂಟ್, ಡೇಟಾಶೀಟ್ ಅನ್ನೋ ಖಾನೆಗಳು ಕಡ್ಡಾಯ. 8ನೇ ಆವೃತ್ತಿಯಿಂದ ಡಿಸ್ಕ್ರಿಪ್ಷನ್ ಕೂಡ ಸೇರಿಕೊಂಡಿದೆ. ಈ ಖಾನೆಗಳಿಗೇ ಫೀಲ್ಡ್ ಅನ್ನೋದು. ವೋಲ್ಟೇಜ್ ಅನ್ನೋ ಖಾನೆ ಹುಟ್ಟಿನಿಂದ ಇಲ್ಲ. ಬೇಕಾದವರು ಹಾಕಿಕೊಳ್ಳಬೇಕು. ಹಾಕಿಕೊಳ್ಳದವರು ನಮ್ಮ ಹಾಗೆ ವ್ಯಾಲ್ಯೂ ಖಾನೆಯಲ್ಲೇ ಎಲ್ಲ ತುರುಕ್ತಾರೆ, ಒಬ್ಬೊಬ್ಬರು ಒಂದೊಂದು ಥರ.

ಪ್ರತಿ ಫೀಲ್ಡಿಗೂ ಒಳಗಿರೋ ಮಾತು ಬೇರೆ, ಅದರ ರೂಪ ಬೇರೆ. ಅಕ್ಷರ ಎಷ್ಟು ದೊಡ್ಡದು, ಹಾಳೆ ಮೇಲೆ ಕಾಣಬೇಕೋ ಬೇಡವೋ, ಯಾವ ಫಾಂಟು, ಹೆಸರಿನ ಸಮೇತ ಕಾಣಬೇಕೋ ಬರೀ ಮೌಲ್ಯ ಸಾಕೋ, ಇವೆಲ್ಲ ರೂಪ. ನಾವು ಏನೂ ಹೇಳದಿದ್ದಾಗ ತಂತ್ರಾಂಶ ತಾನಾಗಿ ಕೊಡೋ ರೂಪವೇ ಡಿಫಾಲ್ಟ್. (ಕನ್ನಡ ತಂತ್ರಾಂಶಗಳಲ್ಲಿ ಇದಕ್ಕೆ ಪೂರ್ವನಿಯೋಜಿತ ಅನ್ನೋ ಪದ ಇದೆ. ನಮ್ಮ ಸಂಘದಲ್ಲೇ ಅರ್ಧ ಜನ ಅದನ್ನು ಬಳಸ್ತಾರೆ, ಅರ್ಧ ಜನ ನಗ್ತಾರೆ. ಪದ ಒಳ್ಳೇದೇ, ಯಾರೋ ಮೊದಲೇ ನಿಯೋಜಿಸಿದ್ದು ಅನ್ನೋದನ್ನ ನೆನಪಿಸುತ್ತೆ. ಆದರೂ ಲ್ಯಾಬಿನಲ್ಲಿ ಬಾಯಿಗೆ ಬರೋದು ಡಿಫಾಲ್ಟೇ.)

ಒಂದು ಪ್ರಯೋಗ

ಇದನ್ನು ಓದಿ ಮುಂದೆ ಹೋಗಬೇಡಿ, ಕೀಕ್ಯಾಡ್ ತೆರೆದು ಮಾಡಿ. ಐದು ನಿಮಿಷದ ಕೆಲಸ.

ಖಾಲಿ ಹಾಳೆಯಲ್ಲಿ ಡಿವೈಸ್ ಲೈಬ್ರರಿಯಿಂದ ಒಂದು ರೆಸಿಸ್ಟರ್ ಇಡಿ. ಪಕ್ಕದಲ್ಲಿ ಒಂದು ಲೇಬಲ್ ಹಾಕಿ. ಈಗ ಸ್ಕೀಮ್ಯಾಟಿಕ್ ಸೆಟಪ್ ತೆರೆದು ಫಾರ್ಮ್ಯಾಟಿಂಗ್ ಪುಟಕ್ಕೆ ಹೋಗಿ. ಅಲ್ಲಿ ಡಿಫಾಲ್ಟ್ ಟೆಕ್ಸ್ಟ್ ಸೈಜ್ 50 ಮಿಲ್ ಅಂತಿರುತ್ತೆ, ಅಂದ್ರೆ 1.27 ಮಿಲಿಮೀಟರ್. ಡಿಫಾಲ್ಟ್ ಲೈನ್ ವಿಡ್ತ್ 6 ಮಿಲ್. ಅಕ್ಷರವನ್ನ 80 ಮಾಡಿ, ಗೆರೆಯನ್ನ 12 ಮಾಡಿ, ಓಕೆ ಒತ್ತಿ.

ಏನಾಯ್ತು? ರೆಸಿಸ್ಟರಿನ ಕಾಲುಗಳು ತಕ್ಷಣ ದಪ್ಪ ಆದವು. ಹೊಟ್ಟೆ ಮಾತ್ರ ಹಾಗೇ ಇದೆ. ಲೇಬಲ್ಲಿನ ಅಕ್ಷರ ಹಾಗೇ ಇದೆ. ಆರ್1 ಅನ್ನೋ ಅಕ್ಷರವೂ ಹಾಗೇ ಇದೆ. ಈಗ ಹೊಸ ಲೇಬಲ್ ಒಂದು ಹಾಕಿ: ಅದು 80 ಮಿಲ್ ಆಗಿ ಬಂತು. ಹೊಸ ರೆಸಿಸ್ಟರ್ ಒಂದು ಹಾಕಿ: ಅದರ ಅಕ್ಷರ ಮಾತ್ರ ಇನ್ನೂ 50.

ಮೊದಲ ಸಲ ಇದನ್ನು ನೋಡಿದಾಗ ತಂತ್ರಾಂಶಕ್ಕೇ ತಲೆ ಕೆಟ್ಟಿದೆ ಅನ್ಕೊಂಡ್ವಿ. ಕೆಟ್ಟಿಲ್ಲ. ಡಿಫಾಲ್ಟಿನಲ್ಲಿ ಎರಡು ಜಾತಿ ಇವೆ.

ಒಂದು ಹಣೆಬರಹ. ವಸ್ತು ಹುಟ್ಟುವ ಗಳಿಗೆಯಲ್ಲಿ ಆಗಿನ ಡಿಫಾಲ್ಟ್ ಏನಿದೆಯೋ ಅದನ್ನು ಅದರ ಹಣೆಗೆ ಬರೆದುಬಿಡೋದು. ಆಮೇಲೆ ನೀವು ಸೆಟಪ್ಪಿನಲ್ಲಿ ಏನೇ ಬದಲಿಸಿ, ಹುಟ್ಟಿದವರ ಹಣೆಬರಹ ಬದಲಾಗಲ್ಲ. ಲೇಬಲ್ಲಿನ ಅಕ್ಷರದ ಗಾತ್ರ ಈ ಜಾತಿ. ಇನ್ನೊಂದು ಕೇಳಿ ನಡೆಯೋದು. ವಸ್ತುವಿನ ಹಣೆ ಮೇಲೆ ಏನೂ ಬರೆದಿರಲ್ಲ, ಅಥವಾ 0 ಅಂತ ಬರೆದಿರುತ್ತೆ. ಪ್ರತಿ ಸಲ ಪರದೆ ಮೇಲೆ ಬರೋವಾಗ "ಯಜಮಾನ್ರೇ, ಎಷ್ಟು ದಪ್ಪ ಇರ್ಲಿ?" ಅಂತ ಸೆಟಪ್ಪನ್ನು ಕೇಳಿ ಬರುತ್ತೆ. ರೆಸಿಸ್ಟರಿನ ಕಾಲು ಈ ಜಾತಿ. ಹೊಟ್ಟೆಯ ಗೆರೆ ಯಾಕೆ ದಪ್ಪ ಆಗಲಿಲ್ಲ ಅಂದ್ರೆ, ಲೈಬ್ರರಿ ಮಾಡಿದವರು ಅದಕ್ಕೆ 10 ಮಿಲ್ ಅಂತ ಕೈಯಾರೆ ಬರೆದಿದ್ದಾರೆ. ಬರೆದದ್ದು ಕೇಳಲ್ಲ.

ಸಿ ಪ್ಲಸ್ ಪ್ಲಸ್ ಪರೀಕ್ಷೆ ಬರೆದವರಿಗೆ ಇದು ಗೊತ್ತಿರೋ ಕಥೆ: ಒಂದು ಪಾಸ್ ಬೈ ವ್ಯಾಲ್ಯೂ, ಇನ್ನೊಂದು ಪಾಸ್ ಬೈ ರೆಫರೆನ್ಸ್. ಆಟೋಕ್ಯಾಡ್ ಮುಟ್ಟಿದವರಿಗೆ ಬೈಲೇಯರ್ ನೆನಪಾಗಬೇಕು. ಬಣ್ಣ ಬೈಲೇಯರ್ ಅಂತಿದ್ದ ಗೆರೆ ಲೇಯರಿನ ಬಣ್ಣ ಬದಲಿಸಿದ ಕೂಡ್ಲೇ ಬದಲಾಗುತ್ತೆ. ಕೈಯಾರೆ ಕೆಂಪು ಕೊಟ್ಟ ಗೆರೆ ಕೆಂಪಾಗೇ ಉಳಿಯುತ್ತೆ. ಎಲೆಕ್ಟ್ರಿಕಲ್ ಡಿಸೈನಿಗೆ ಯಾವುದೇ ತಂತ್ರಾಂಶ ಹಿಡೀರಿ, ಒಂದು ಸೆಟ್ಟಿಂಗನ್ನ ಮುಟ್ಟೋ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇದು ಹಣೆಬರಹವೋ, ಕೇಳಿ ನಡೆಯೋದೋ?

ಹಣೆಬರಹದ ಜಾತಿಯಾದರೆ ಹಳೇದನ್ನು ತಿದ್ದೋಕೆ ಬೇರೆ ದಾರಿ ಹಿಡೀಬೇಕು. ಎಡಿಟ್ ಮೆನುವಿನಲ್ಲಿ ಟೆಕ್ಸ್ಟ್ ಮತ್ತು ಗ್ರಾಫಿಕ್ಸ್ ಪ್ರಾಪರ್ಟಿಗಳನ್ನು ಒಟ್ಟಿಗೆ ತಿದ್ದೋ ಕಿಟಕಿ ಇದೆ. ರೆಫರೆನ್ಸ್ ಮಾತ್ರವೋ, ವ್ಯಾಲ್ಯೂ ಮಾತ್ರವೋ, ಲೇಬಲ್ಲುಗಳೋ ಅಂತ ಗುರುತು ಹಾಕಿ ಗಾತ್ರ ಕೊಟ್ಟರೆ ಇಡೀ ಸ್ಕೀಮ್ಯಾಟಿಕ್ಕಿಗೆ ಅನ್ವಯ ಆಗುತ್ತೆ. ಒಂದೊಂದನ್ನೇ ಡಬಲ್ ಕ್ಲಿಕ್ ಮಾಡಿ ರಾತ್ರಿ ಎರಡು ಗಂಟೆವರೆಗೆ ತಿದ್ದಿದ ಸೀನಿಯರುಗಳ ಕಥೆ ನಮ್ಮಲ್ಲಿ ಇದೆ, ಹೆಸರು ಬೇಡ.

ಅಕ್ಷರ ದೊಡ್ಡದು ಯಾಕೆ ಬೇಕು ಅಂತೀರಾ? ಎ3 ಹಾಳೆಯ ಸ್ಕೀಮ್ಯಾಟಿಕ್ಕನ್ನು ಎ4 ಕಾಗದಕ್ಕೆ ಪ್ರಿಂಟ್ ತೆಗೆದರೆ ಎಲ್ಲ ಶೇಕಡಾ 71ಕ್ಕೆ ಇಳಿಯುತ್ತೆ. 1.27 ಮಿಲಿಮೀಟರಿನ ಅಕ್ಷರ 0.9 ಆಗುತ್ತೆ. ವೈವಾದಲ್ಲಿ ಗೈಡ್ ಸರ್ ಕನ್ನಡಕ ಮೇಲೆತ್ತಿ ಕಾಗದವನ್ನು ಮೂಗಿನ ಹತ್ತಿರ ಹಿಡಿದರೆ ಅರ್ಥ ಮಾಡ್ಕೊಳ್ಳಿ.

ಮುಟ್ಟಬಾರದ ಡಿಫಾಲ್ಟ್ ಕೂಡ ಒಂದಿದೆ: ಸ್ಕೀಮ್ಯಾಟಿಕ್ಕಿನ 50 ಮಿಲ್ ಗ್ರಿಡ್. ಲೈಬ್ರರಿಯ ಸಿಂಬಲ್ಲುಗಳ ಪಿನ್ ತುದಿಗಳೆಲ್ಲ ಆ ಗ್ರಿಡ್ ಮೇಲೇ ಕೂರುತ್ತವೆ. ನಮಗೆ ಮೆಟ್ರಿಕ್ ಅಭ್ಯಾಸ ಅಂತ 1 ಮಿಲಿಮೀಟರ್ ಮಾಡಿಕೊಂಡರೆ ವೈರು ಪಿನ್ನಿಗೆ ಮುಟ್ಟಿದ ಹಾಗೆ ಕಾಣುತ್ತೆ, ಮುಟ್ಟಿರಲ್ಲ.

ನಾಲ್ಕು ಮನೆ

ಇನ್ನೊಂದು ಪ್ರಶ್ನೆ: ಡಿಫಾಲ್ಟ್ ಎಲ್ಲಿ ವಾಸ ಮಾಡುತ್ತೆ? ಕೀಕ್ಯಾಡಿನಲ್ಲಿ ನಾಲ್ಕು ಮನೆ. ನಿಮ್ಮ ಕಂಪ್ಯೂಟರು, ಪ್ರಾಜೆಕ್ಟು, ಲೈಬ್ರರಿ, ಕೊನೆಗೆ ಆ ಒಂದು ವಸ್ತು.

ಪ್ರೆಫರೆನ್ಸಸ್ ಮೆನುವಿನಲ್ಲಿ ಬದಲಿಸಿದ್ದು ನಿಮ್ಮ ಕಂಪ್ಯೂಟರಿನದ್ದು. ಸ್ಕೀಮ್ಯಾಟಿಕ್ ಸೆಟಪ್ಪಿನಲ್ಲಿ ಬದಲಿಸಿದ್ದು ಪ್ರಾಜೆಕ್ಟಿನದ್ದು, ಪ್ರಾಜೆಕ್ಟಿನ ಜೊತೆ ಊರೂರು ಸುತ್ತುತ್ತೆ. ಕೆಪಾಸಿಟರ್ ಸಿಡಿದ ಮೇಲೆ ನಾವು ಮಾಡಿದ ಮೊದಲ ಕೆಲಸ ಫೀಲ್ಡ್ ನೇಮ್ ಟೆಂಪ್ಲೇಟ್ಸ್ ಅನ್ನೋ ಪುಟದಲ್ಲಿ ವೋಲ್ಟೇಜ್, ಟಾಲರೆನ್ಸ್, ಪವರ್, ಡೈಎಲೆಕ್ಟ್ರಿಕ್, ಪಾರ್ಟ್ ನಂಬರ್ ಅಂತ ಐದು ಖಾನೆ ಸೇರಿಸಿದ್ದು. ಮಾರನೇ ದಿನ ಗೆಳತಿಯ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದೂ ಇಲ್ಲ. ಕಾರಣ: ಈ ಪುಟ ಎರಡು ಕಡೆ ಇದೆ, ಪ್ರೆಫರೆನ್ಸಸ್ಸಿನಲ್ಲೂ ಇದೆ, ಸ್ಕೀಮ್ಯಾಟಿಕ್ ಸೆಟಪ್ಪಿನಲ್ಲೂ ಇದೆ. ನಾವು ಹಾಕಿದ್ದು ಮೊದಲನೇದರಲ್ಲಿ. ಒಬ್ಬರೇ ಕೆಲಸ ಮಾಡೋರಿಗೆ ಅದು ಸಾಕು. ಗುಂಪಿನಲ್ಲಿ ಮಾಡೋರಿಗೆ ಅದು ಇಲ್ಲದಿರೋದಕ್ಕಿಂತ ಕಷ್ಟ, ಯಾಕಂದ್ರೆ ಹಾಕಿದವರಿಗೆ ಎಲ್ಲ ಸರಿ ಇದೆ ಅಂತಲೇ ಕಾಣ್ತಿರುತ್ತೆ.

ಪ್ರಾಜೆಕ್ಟಿನ ಸೆಟ್ಟಿಂಗುಗಳು ಇರೋದು ಸ್ಕೀಮ್ಯಾಟಿಕ್ ಫೈಲಿನಲ್ಲಲ್ಲ, ಪ್ರಾಜೆಕ್ಟ್ ಫೈಲಿನಲ್ಲಿ. ಅದನ್ನ ನೋಟ್‌ಪ್ಯಾಡಿನಲ್ಲಿ ತೆರೆದರೂ ಓದಬಹುದು. ಜೇಸನ್ ರೂಪದಲ್ಲಿದೆ, ಡಿಫಾಲ್ಟ್ ಟೆಕ್ಸ್ಟ್ ಸೈಜ್ ಎದುರು ಸಂಖ್ಯೆ ಕಾಣುತ್ತೆ. ನಾವೆಲ್ಲ ಮಾಡೋ ತಪ್ಪು ಇಲ್ಲೇ: ವಾಟ್ಸಾಪಿನಲ್ಲಿ ಸ್ಕೀಮ್ಯಾಟಿಕ್ ಫೈಲ್ ಒಂದನ್ನೇ ಕಳಿಸೋದು. ಪಡೆದವರು ತೆರೀತಾರೆ, ಚಿತ್ರ ಕಾಣುತ್ತೆ, ಸೆಟ್ಟಿಂಗು ಬಂದಿರಲ್ಲ. ಕಳಿಸೋದಾದರೆ ಇಡೀ ಫೋಲ್ಡರ್ ಜಿಪ್ ಮಾಡಿ ಕಳಿಸಿ. ಗಿಟ್ ಬಳಸೋರು ಪ್ರಾಜೆಕ್ಟ್ ಫೈಲನ್ನು ಖಂಡಿತ ಸೇರಿಸಿ. ಅದೇ ಹೆಸರಿನ, ಪಿಆರ್‌ಎಲ್ ಅಂತ ಮುಗಿಯೋ ಫೈಲನ್ನು ಮಾತ್ರ ಬಿಡಿ. ಅದರಲ್ಲಿರೋದು ಕೊನೇ ಸಲ ಯಾವ ಲೇಯರ್ ತೆರೆದಿದ್ರಿ ಅನ್ನೋಂಥ ನಿಮ್ಮ ಕಂಪ್ಯೂಟರಿನ ಸ್ವಂತ ವಿಚಾರ.

ಮೂರನೇ ಮನೆ ಲೈಬ್ರರಿ. ಪ್ರಯೋಗದಲ್ಲಿ ಹೊಸ ರೆಸಿಸ್ಟರಿನ ಅಕ್ಷರ 50ರಲ್ಲೇ ಉಳಿದದ್ದಕ್ಕೆ ಉತ್ತರ ಇಲ್ಲಿದೆ. ಸಿಂಬಲ್ಲಿನ ಫೀಲ್ಡುಗಳ ರೂಪ ಲೈಬ್ರರಿಯಲ್ಲೇ ಬರೆದಿದೆ; ಹಾಳೆ ಮೇಲೆ ಇಟ್ಟಾಗ ಅದೇ ನಕಲಾಗಿ ಬರುತ್ತೆ, ಪ್ರಾಜೆಕ್ಟನ್ನು ಕೇಳಲ್ಲ. ಇಟ್ಟ ಮೇಲೆ ಲೈಬ್ರರಿಯನ್ನೂ ಕೇಳಲ್ಲ. 6ನೇ ಆವೃತ್ತಿಯಿಂದ ಪ್ರತಿ ಸ್ಕೀಮ್ಯಾಟಿಕ್ ತನ್ನೊಳಗೇ ಸಿಂಬಲ್ಲಿನ ಒಂದು ಪ್ರತಿ ಇಟ್ಟುಕೊಳ್ಳುತ್ತೆ. ಲೈಬ್ರರಿ ತಿದ್ದಿ, ಹಳೇ ಹಾಳೆಗೂ ಅದು ತಲುಪಬೇಕಂದ್ರೆ ಟೂಲ್ಸ್ ಮೆನುವಿನಿಂದ ಸಿಂಬಲ್ಲುಗಳನ್ನು ಲೈಬ್ರರಿಯಿಂದ ಅಪ್‌ಡೇಟ್ ಮಾಡಬೇಕು. ಆ ಕಿಟಕಿಯಲ್ಲಿ ಹುಷಾರು. ಫೀಲ್ಡ್ ಟೆಕ್ಸ್ಟ್ ರೀಸೆಟ್ ಅನ್ನೋ ಗುರುತೂ ಇದೆ, ಫೀಲ್ಡ್ ಸೈಜ್ ರೀಸೆಟ್ ಅನ್ನೋದೂ ಇದೆ. ನಿಮಗೆ ಬೇಕಿರೋದು ಎರಡನೇದು. ಮೊದಲನೇದಕ್ಕೆ ಗುರುತು ಹಾಕಿ, ಮೇಲಿನ ಪಟ್ಟಿಯಲ್ಲಿ ವ್ಯಾಲ್ಯೂನೂ ಆರಿಸಿದ್ದರೆ, ನೀವು ಕೂತು ತುಂಬಿದ ಮೌಲ್ಯಗಳೆಲ್ಲ ಹೋಗಿ ಎಲ್ಲ ರೆಸಿಸ್ಟರಿನ ಮೇಲೂ ಬರೀ "ಆರ್" ಅಂತ ಕೂರುತ್ತೆ.

ತುಂಬದ ಖಾನೆ ಹೇಗೆ ಕಾಣಬೇಕು

ನಮ್ಮೊಳಗೆ ಅತಿ ಹೆಚ್ಚು ಜಗಳ ಆದದ್ದು ಇದರ ಮೇಲೆ. ನಾವೇ ಒಂದು ಲೈಬ್ರರಿ ಮಾಡಿ, ಕೆಪಾಸಿಟರಿಗೆ ವೋಲ್ಟೇಜ್ ಫೀಲ್ಡ್ ಸೇರಿಸೋಣ ಅಂತಾಯ್ತು. ಅದರ ಡಿಫಾಲ್ಟ್ ಮೌಲ್ಯ ಏನಿರಬೇಕು? ಒಬ್ಬ ಹೇಳಿದ, "50ವಿ ಹಾಕಿಬಿಡೋಣ, ಸೇಫು. ಯಾರೂ ಮರೆತರೂ ತೊಂದರೆ ಇಲ್ಲ." ಮೊದಲು ಎಲ್ಲರಿಗೂ ಸರಿ ಅನ್ನಿಸ್ತು.

ಆಮೇಲೆ ಯೋಚಿಸಿದ್ವಿ. ಪಟ್ಟಿಯಲ್ಲಿ 50ವಿ ಅಂತ ಕಂಡರೆ, ಅದು ಯಾರೋ ಲೆಕ್ಕ ಹಾಕಿ ಬರೆದದ್ದೋ, ಯಾರೂ ಮುಟ್ಟದೇ ಹಾಗೇ ಉಳಿದದ್ದೋ ಹೇಗೆ ಗೊತ್ತಾಗುತ್ತೆ? ಗೊತ್ತಾಗಲ್ಲ. ಮುಂದಿನ ವರ್ಷ ಜೂನಿಯರ್ ಒಬ್ಬ ಇದೇ ಲೈಬ್ರರಿ ಇಟ್ಕೊಂಡು ನೇರ 230 ವೋಲ್ಟ್ ಮೇನ್ಸ್ ಬರೋ ಬೋರ್ಡ್ ಮಾಡಿದ ಅಂತಿಟ್ಕೊಳ್ಳಿ. ರೆಕ್ಟಿಫೈ ಆದ ಮೇಲೆ ಅಲ್ಲಿ 325 ವೋಲ್ಟ್ ಪೀಕ್. ಪಟ್ಟಿ ಪೂರ್ತಿ ತುಂಬಿದೆ, ಎಲ್ಲಾ ಸಾಲಿನಲ್ಲೂ 50ವಿ. ಖಾಲಿ ಖಾನೆ ಕನಿಷ್ಠ ಕೈಬೀಸಿ ಕರೆಯುತ್ತೆ. ಸರಿ ಇದ್ದ ಹಾಗೆ ಕಾಣೋ ಡಿಫಾಲ್ಟ್ ಕರೆಯೋದಿಲ್ಲ.

ಕೊನೆಗೆ ನಾವು ಹಾಕಿದ್ದು ಎರಡು ಪ್ರಶ್ನಾರ್ಥಕ ಚಿಹ್ನೆ. ಕಾಣುವಂತೆ. ಕೆಪಾಸಿಟರ್ ಇಟ್ಟ ಕೂಡ್ಲೇ ಅದರ ಪಕ್ಕ "??" ಅಂತ ನಿಲ್ಲುತ್ತೆ, ತುಂಬೋವರೆಗೆ ಕಣ್ಣಿಗೆ ಚುಚ್ಚುತ್ತೆ. ನೋಡೋಕೆ ಚೆನ್ನಾಗಿಲ್ಲ ಅಂತ ದೂರು ಬಂತು. ಚೆನ್ನಾಗಿರಬಾರದು ಅನ್ನೋದೇ ಉದ್ದೇಶ. ಕೀಕ್ಯಾಡಿನವರೂ ಇದನ್ನೇ ಮಾಡಿದ್ದಾರೆ ನೋಡಿ: ರೆಸಿಸ್ಟರಿನ ಡಿಫಾಲ್ಟ್ ವ್ಯಾಲ್ಯೂ 10ಕೆ ಅಲ್ಲ, ಬರೀ "ಆರ್". ಪಟ್ಟಿಯಲ್ಲಿ "ಆರ್" ಅಂತ ಕಂಡರೆ ಯಾರೋ ಮರೆತಿದ್ದಾರೆ ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತೆ.

ಫೀಲ್ಡ್ ನೇಮ್ ಟೆಂಪ್ಲೇಟಿನದ್ದು ಇನ್ನೊಂದು ಉಪಕಾರ. ಅದನ್ನ ತಡವಾಗಿ ಸೇರಿಸಿದರೂ ಹಳೇ ಸಿಂಬಲ್ಲುಗಳ ಪ್ರಾಪರ್ಟಿ ಕಿಟಕಿಯಲ್ಲಿ ಖಾಲಿ ಸಾಲಾಗಿ ಕಾಣುತ್ತೆ, ಸಿಂಬಲ್ ಫೀಲ್ಡುಗಳ ದೊಡ್ಡ ಪಟ್ಟಿಯಲ್ಲಿ ಖಾಲಿ ಕಾಲಂ ಆಗಿ ಬರುತ್ತೆ. ಟೂಲ್ಸ್ ಮೆನುವಿನಿಂದ ಆ ಪಟ್ಟಿ ತೆರೆದು, ವೋಲ್ಟೇಜ್ ಕಾಲಮಿನ ತಲೆ ಮೇಲೆ ಕ್ಲಿಕ್ ಮಾಡಿ ಸಾರ್ಟ್ ಮಾಡಿದರೆ ಖಾಲಿ ಇರೋವೆಲ್ಲ ಒಂದೇ ಕಡೆ ಸೇರ್ತವೆ. ನಮ್ಮ ಬೋರ್ಡಿಗೆ ಮೊದಲೇ ಹೀಗೆ ಮಾಡಿದ್ದರೆ ಸಿ7 ಅಲ್ಲೇ ಸಿಕ್ಕಿಬೀಳ್ತಿತ್ತು. ಹೆಸರಿನ ಕಾಗುಣಿತ ಮಾತ್ರ ಎಲ್ಲರದ್ದೂ ಒಂದೇ ಇರಲಿ. ಇಂಗ್ಲಿಷಿನಲ್ಲಿ ದೊಡ್ಡಕ್ಷರದಿಂದ ಶುರುವಾದ ವೋಲ್ಟೇಜ್ ಬೇರೆ, ಸಣ್ಣಕ್ಷರದಿಂದ ಶುರುವಾದದ್ದು ಬೇರೆ. ಎರಡು ಕಾಲಂ ಆಗಿ, ಎರಡೂ ಅರ್ಧರ್ಧ ತುಂಬಿರ್ತವೆ.

ವ್ಯಾಲ್ಯೂ ಬರೆಯೋ ರೀತಿ

ಖಾನೆ ಬೇರೆ ಮಾಡಿದ ಮೇಲೂ ವ್ಯಾಲ್ಯೂ ಒಂದೇ ಥರ ಬರೆಯಬೇಕು. ತಂತ್ರಾಂಶ ಬಿಒಎಂ ಮಾಡುವಾಗ ಒಂದೇ ಮೌಲ್ಯದವನ್ನು ಗುಂಪು ಮಾಡುತ್ತೆ, ಆದರೆ ಅದು ನೋಡೋದು ಅಕ್ಷರವನ್ನ, ಅರ್ಥವನ್ನಲ್ಲ. 4.7ಕೆ, 4ಕೆ7, 4700, 4.7 ಕಿಲೋ ಓಮ್ ನಮಗೆ ಒಂದೇ. ಅದಕ್ಕೆ ನಾಲ್ಕು ಸಾಲು. 0.1 ಮೈಕ್ರೋಫ್ಯಾರಡ್, 100 ನ್ಯಾನೋಫ್ಯಾರಡ್ ಕೂಡ ಹಾಗೇ.

ನಾವು ಆರಿಸಿಕೊಂಡದ್ದು 4ಕೆ7 ರೀತಿ. ದಶಮಾಂಶ ಬಿಂದುವಿನ ಜಾಗದಲ್ಲೇ ಗುಣಕದ ಅಕ್ಷರ ಇಡೋದು. 4.7 ಓಮ್ ಆದರೆ 4ಆರ್7. ಐಇಸಿ 60062 ಅನ್ನೋ ಮಾನಕದಲ್ಲಿ ಇರೋದು ಇದೇ. ಜೆರಾಕ್ಸ್ ಮೇಲೆ ಜೆರಾಕ್ಸ್ ತೆಗೆದಾಗ ಚುಕ್ಕಿ ಮಾಯವಾಗಿ 4.7ಕೆ ಅನ್ನೋದು 47ಕೆ ಆಗೋ ಅಪಾಯ ಇದರಲ್ಲಿ ಇಲ್ಲ. ಮೈಕ್ರೋಗೆ ಗ್ರೀಕ್ ಅಕ್ಷರ ಬೇಡ ಅಂತಲೂ ತೀರ್ಮಾನ ಮಾಡಿದ್ವಿ, ಇಂಗ್ಲಿಷಿನ ಯು ಸಾಕು. ಪಟ್ಟಿಯನ್ನ ಸಿಎಸ್‌ವಿ ಮಾಡಿ ಎಕ್ಸೆಲಿನಲ್ಲಿ ತೆರೆದಾಗ ಆ ಗ್ರೀಕ್ ಅಕ್ಷರ ಎಷ್ಟೋ ಸಲ ಚಿತ್ರವಿಚಿತ್ರ ಗುರುತಾಗಿಬಿಡುತ್ತೆ.

ಸಿಮ್ಯುಲೇಷನ್ ಮಾಡೋರಿಗೆ ಒಂದು ಎಚ್ಚರಿಕೆ. ಸ್ಪೈಸ್ ಸಂಪ್ರದಾಯದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಭೇದ ಇಲ್ಲ. ಎಲ್‌ಟಿಸ್ಪೈಸಿನಲ್ಲಿ 1 ಎಂ ಅಂತ ದೊಡ್ಡಕ್ಷರದಲ್ಲಿ ಬರೆದರೂ ಅದು ಮಿಲಿ ಅಂತಲೇ ಓದುತ್ತೆ. ಮೆಗಾ ಬೇಕಾದರೆ ಮೂರಕ್ಷರದ ಮೆಗ್ ಬರೀಬೇಕು. ಒಂದು ಮೆಗಾ ಓಮಿನ ಜಾಗದಲ್ಲಿ ಒಂದು ಮಿಲಿ ಓಮ್: ನೂರು ಕೋಟಿ ಪಟ್ಟು ವ್ಯತ್ಯಾಸ.

ಫುಟ್‌ಪ್ರಿಂಟಿನ ಹೆಸರಿನಲ್ಲೂ ಇಂಥದ್ದೇ ಗುಂಡಿ ಇದೆ. 0603 ಅನ್ನೋದು ಇಂಚಿನ ಲೆಕ್ಕದಲ್ಲಿ ಒಂದು ಗಾತ್ರ, ಮೆಟ್ರಿಕ್ಕಿನಲ್ಲಿ ಕಣ್ಣಿಗೇ ಕಾಣದಷ್ಟು ಸಣ್ಣ ಇನ್ನೊಂದು ಗಾತ್ರ. ಅದಕ್ಕೇ ಕೀಕ್ಯಾಡಿನ ಫುಟ್‌ಪ್ರಿಂಟ್ ಹೆಸರಿನಲ್ಲಿ ಎರಡೂ ಸಂಖ್ಯೆ ಇರುತ್ತೆ, 0603ರ ಪಕ್ಕ 1608 ಮೆಟ್ರಿಕ್ ಅಂತ. ಪೂರ್ತಿ ಓದಿ.

ಬೋರ್ಡಿನ ಕಡೆ

ಪಿಸಿಬಿ ಎಡಿಟರಿಗೆ ಬಂದರೂ ಅದೇ ಎರಡು ಜಾತಿ, ಆದರೆ ಇಲ್ಲಿ ಎರಡೂ ಒಂದೇ ಸಾಲಿನಲ್ಲಿ ಪಕ್ಕಪಕ್ಕ ಕೂತಿರುತ್ತವೆ. ಬೋರ್ಡ್ ಸೆಟಪ್ಪಿನಲ್ಲಿ ನೆಟ್ ಕ್ಲಾಸ್ ಪಟ್ಟಿ ತೆರೆಯಿರಿ. ಡಿಫಾಲ್ಟ್ ಅನ್ನೋ ಸಾಲಿನಲ್ಲಿ ಕ್ಲಿಯರೆನ್ಸ್ 0.2 ಮಿಲಿಮೀಟರ್, ಟ್ರ್ಯಾಕ್ ಅಗಲ 0.2 ಮಿಲಿಮೀಟರ್. ಬೋರ್ಡ್ ಪೂರ್ತಿ ರೂಟ್ ಮಾಡಿದ ಮೇಲೆ ಕ್ಲಿಯರೆನ್ಸನ್ನ 0.3 ಮಾಡಿ ಡಿಆರ್‌ಸಿ ಓಡಿಸಿದರೆ ತಪ್ಪುಗಳ ಪಟ್ಟಿ ಉದ್ದಕ್ಕೆ ಬರುತ್ತೆ, ಯಾಕಂದ್ರೆ ಕ್ಲಿಯರೆನ್ಸ್ ಕೇಳಿ ನಡೆಯೋ ಜಾತಿ, ಪ್ರತಿ ಸಲ ಹೊಸದಾಗಿ ಪರೀಕ್ಷೆ ಆಗುತ್ತೆ. ಟ್ರ್ಯಾಕ್ ಅಗಲವನ್ನ 0.2ರಿಂದ 1.5 ಮಾಡಿ ಓಡಿಸಿದರೆ? ಮೌನ. ಹಳೇ ಟ್ರ್ಯಾಕುಗಳು 0.2ರಲ್ಲೇ ಇವೆ. ಡಿಆರ್‌ಸಿ ನೋಡೋದು ಬೋರ್ಡಿನ ಕನಿಷ್ಠ ಅಗಲದ ಮಿತಿಯನ್ನ, ನೆಟ್ ಕ್ಲಾಸಿನ ಅಗಲವನ್ನಲ್ಲ. ಅಗಲ ಹಣೆಬರಹ.

ಈ ಮೌನ ಎಷ್ಟು ದುಬಾರಿ ಅಂತ ಲೆಕ್ಕ ನೋಡಿ. ಐಪಿಸಿ 2221ರ ಸೂತ್ರದ ಪ್ರಕಾರ, ಹೊರ ಪದರದ 35 ಮೈಕ್ರಾನ್ ತಾಮ್ರದಲ್ಲಿ 0.2 ಮಿಲಿಮೀಟರ್ ಟ್ರ್ಯಾಕು 10 ಡಿಗ್ರಿ ಬಿಸಿ ಏರೋಕೆ ಬೇಕಾಗೋದು ಸುಮಾರು 0.75 ಆಂಪಿಯರ್. ನಮ್ಮ ಮೋಟರಿಗೆ 3 ಆಂಪಿಯರ್ ಬೇಕು. ಅಷ್ಟೇ ಬಿಸಿಗೆ ನಿಲ್ಲಿಸಬೇಕಂದ್ರೆ ಅಗಲ 1.4 ಮಿಲಿಮೀಟರಿನ ಹತ್ತಿರ ಇರಬೇಕು. (ಸೂತ್ರ ಬಾಯಿಪಾಠ ಬೇಡ, ಕೀಕ್ಯಾಡಿನ ಜೊತೆಗೇ ಬರೋ ಕ್ಯಾಲ್ಕ್ಯುಲೇಟರಿನಲ್ಲಿ ಇದೆ.) ನಾವು ಪವರ್ ನೆಟ್ಟುಗಳಿಗೆ ಬೇರೆ ನೆಟ್ ಕ್ಲಾಸ್ ಮಾಡಿದ್ದು ರೂಟಿಂಗ್ ಅರ್ಧ ಮುಗಿದ ಮೇಲೆ. ಮಾಡಿ ನಿಶ್ಚಿಂತೆಯಿಂದ ಇದ್ವಿ. ಬ್ಯಾಟರಿಯಿಂದ ಬರೋ ಒಂದು ತುಂಡು ಟ್ರ್ಯಾಕು ಹಳೇ ಅಗಲದಲ್ಲೇ ಉಳಿದಿತ್ತು. ಅದು ಗೊತ್ತಾದದ್ದು ಕೆಪಾಸಿಟರ್ ಸಿಡಿದು ಇಡೀ ಬೋರ್ಡನ್ನ ಲೆನ್ಸ್ ಹಿಡಿದು ನೋಡಿದಾಗ. ಅಂದ್ರೆ ಕೆಪಾಸಿಟರ್ ಸಿಡಿಯದಿದ್ದರೆ ಅದು ಇನ್ನೊಂದು ದಿನ, ಮೋಟರ್ ಜಾಮ್ ಆದಾಗ, ನಮ್ಮನ್ನ ಹುಡುಕಿಕೊಂಡು ಬರ್ತಿತ್ತು.

ಹಳೇ ಟ್ರ್ಯಾಕುಗಳಿಗೆ ಹೊಸ ಅಗಲ ಬರೋಕೆ ಎಡಿಟ್ ಮೆನುವಿನಲ್ಲಿ ಟ್ರ್ಯಾಕ್ ಮತ್ತು ವಯಾ ಪ್ರಾಪರ್ಟಿ ತಿದ್ದೋ ಕಿಟಕಿ ತೆರೆದು, ನೆಟ್ ಕ್ಲಾಸಿನ ಮೌಲ್ಯಕ್ಕೆ ಹೊಂದಿಸು ಅನ್ನೋ ಆಯ್ಕೆ ಕೊಡಬೇಕು. ಅಗಲ ಆದ ಟ್ರ್ಯಾಕು ಪಕ್ಕದವರನ್ನ ಮುಟ್ಟಬಹುದು, ಆದ್ದರಿಂದ ಆಮೇಲೆ ಡಿಆರ್‌ಸಿ, ಕಾಪರ್ ಜೋನ್ ಇದ್ದರೆ ಬಿ ಕೀ ಒತ್ತಿ ಮತ್ತೆ ತುಂಬಿಸೋದು. ಸಿಲ್ಕ್‌ಸ್ಕ್ರೀನ್ ಅಕ್ಷರಗಳಿಗೂ ಹೀಗೇ: ಡಿಫಾಲ್ಟ್ 1 ಮಿಲಿಮೀಟರ್ ಎತ್ತರ, ಬದಲಿಸಿದರೆ ಹೊಸದಕ್ಕೆ ಮಾತ್ರ, ಹಳೇದಕ್ಕೆ, ಲೇಯರಿನ ಡಿಫಾಲ್ಟಿಗೆ ತರೋ ಆಯ್ಕೆ ಬೇರೆ ಇದೆ.

ಕನ್ನಡದಲ್ಲಿ ಹೆಸರು ಹಾಕೋರಿಗೆ

7ನೇ ಆವೃತ್ತಿಯಿಂದ ಕಂಪ್ಯೂಟರಿನಲ್ಲಿರೋ ಫಾಂಟುಗಳನ್ನೇ ಬೋರ್ಡಿನ ಮೇಲೂ ಬಳಸಬಹುದು. ನಮ್ಮ ಸಂಘದ ಹೆಸರನ್ನ ಕನ್ನಡದಲ್ಲೇ ಸಿಲ್ಕ್ ಮೇಲೆ ಹಾಕಿಸೋ ಆಸೆ ಎಲ್ಲರಿಗೂ ಇದೆ, ಹಾಕಿ. ಆದರೆ ನಾಲ್ಕು ಮನೆಯ ಪಾಠ ಇಲ್ಲೂ ಬರುತ್ತೆ. ಫಾಂಟ್ ಇರೋದು ನಿಮ್ಮ ಕಂಪ್ಯೂಟರಿನಲ್ಲಿ. ಅದು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬೇರೆ ಫಾಂಟ್ ಬಂದು ಕೂರುತ್ತೆ. ಸ್ಕೀಮ್ಯಾಟಿಕ್ ಎಡಿಟರಿನ ಡಿಫಾಲ್ಟ್ ಫಾಂಟ್ ಅನ್ನೋ ಆಯ್ಕೆಯೂ ಪ್ರೆಫರೆನ್ಸಸ್ಸಿನದ್ದೇ, ಪ್ರಾಜೆಕ್ಟಿನದ್ದಲ್ಲ. 9ನೇ ಆವೃತ್ತಿಯಲ್ಲಿ ಫಾಂಟನ್ನ ಫೈಲಿನೊಳಗೇ ಸೇರಿಸಿಡೋ ಸೌಕರ್ಯ ಬಂದಿದೆ. ಅದಿಲ್ಲದವರು ಗರ್ಬರ್ ಫೈಲನ್ನ ಹೆಸರು ಹಾಕಿದವರ ಕಂಪ್ಯೂಟರಿನಲ್ಲೇ ತೆಗೆಯಿರಿ, ತೆಗೆದ ಮೇಲೆ ಗರ್ಬರ್ ವ್ಯೂವರಿನಲ್ಲಿ ಒತ್ತಕ್ಷರ ಸರಿಯಾಗಿ ಕೂತಿದೆಯಾ ನೋಡಿ. 1 ಮಿಲಿಮೀಟರಿನಲ್ಲಿ ಕನ್ನಡದ ಒತ್ತು ಉಳಿಯಲ್ಲ. ನಾವು 3 ಮಾಡಿದ್ವಿ.

ಟೆಂಪ್ಲೇಟು

ಇಷ್ಟೆಲ್ಲ ಪ್ರತಿ ಪ್ರಾಜೆಕ್ಟಿಗೂ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲ. ಈಗಾಗಲೇ ಶುರು ಮಾಡಿದ ಪ್ರಾಜೆಕ್ಟ್ ಇದ್ದರೆ ಸ್ಕೀಮ್ಯಾಟಿಕ್ ಸೆಟಪ್ ಕಿಟಕಿಯ ಕೆಳಗೆ, ಇನ್ನೊಂದು ಪ್ರಾಜೆಕ್ಟಿನಿಂದ ಸೆಟ್ಟಿಂಗ್ ತರೋ ಗುಂಡಿ ಇದೆ. ಫಾರ್ಮ್ಯಾಟಿಂಗ್, ಫೀಲ್ಡ್ ಹೆಸರುಗಳು, ನೆಟ್ ಕ್ಲಾಸ್, ಬೇಕಾದಷ್ಟಕ್ಕೆ ಗುರುತು ಹಾಕಿ ತರಬಹುದು. ಬೋರ್ಡ್ ಸೆಟಪ್ಪಿನಲ್ಲೂ ಅಂಥದ್ದೇ ಇದೆ. ತಂದದ್ದು ಹಣೆಬರಹದವರಿಗೆ ಅನ್ವಯ ಆಗಲ್ಲ ಅನ್ನೋದು ಈಗ ನಿಮಗೇ ಗೊತ್ತು.

ಹೊಸದಾಗಿ ಶುರು ಮಾಡೋರು ಟೆಂಪ್ಲೇಟಿನಿಂದ ಶುರು ಮಾಡಿ. ಒಂದು ಖಾಲಿ ಪ್ರಾಜೆಕ್ಟಿನಲ್ಲಿ ಎಲ್ಲ ಹೊಂದಿಸಿ, ಅದರ ಫೋಲ್ಡರಿನೊಳಗೆ ಮೆಟಾ ಅಂತ ಒಂದು ಫೋಲ್ಡರ್, ಅದರಲ್ಲಿ ಇನ್‌ಫೋ ಅನ್ನೋ ಒಂದು ಎಚ್‌ಟಿಎಂಎಲ್ ಫೈಲ್ ಇಟ್ಟರೆ ಅದೇ ಟೆಂಪ್ಲೇಟು. ಕಾನ್ಫಿಗರ್ ಪಾತ್ಸ್‌ನಲ್ಲಿ ತೋರಿಸಿರೋ ಯೂಸರ್ ಟೆಂಪ್ಲೇಟ್ ಜಾಗದಲ್ಲಿ ಇಟ್ಟರೆ, ಫೈಲ್ ಮೆನುವಿನಲ್ಲಿ ಟೆಂಪ್ಲೇಟಿನಿಂದ ಹೊಸ ಪ್ರಾಜೆಕ್ಟ್ ಅಂದಾಗ ಅದು ಕಾಣುತ್ತೆ.

ನಮ್ಮದರಲ್ಲಿ ಇರೋದು ಇಷ್ಟು: ಐದು ಫೀಲ್ಡ್ ಹೆಸರುಗಳು, 60 ಮಿಲ್ ಅಕ್ಷರ, ಸಿಗ್ನಲ್ಲಿಗೆ 0.25 ಮತ್ತು ಪವರಿಗೆ 1.5 ಮಿಲಿಮೀಟರಿನ ಎರಡು ನೆಟ್ ಕ್ಲಾಸು, "??" ಹೊತ್ತ ಕೆಪಾಸಿಟರಿನ ಲೈಬ್ರರಿ. ಪವರಿನ 1.5 ನಮ್ಮ 3 ಆಂಪಿಯರ್ ಮೋಟರಿಗೆ ಲೆಕ್ಕ ಹಾಕಿದ್ದು, ನಿಮ್ಮದಕ್ಕಲ್ಲ, ಅಲ್ಲಿಗೂ "??" ಹಾಕೋ ಹಾಗಿದ್ದಿದ್ದರೆ ಹಾಕ್ತಿದ್ವಿ, ಸಂಖ್ಯೆ ಮಾತ್ರ ತಗೊಳ್ಳುತ್ತೆ. ಜಿಪ್ ಫೈಲ್ ಸಂಘದ ಗುಂಪಿನಲ್ಲಿ ಪಿನ್ ಮಾಡಿದೆ. ಸಿಡಿದ ಸಿ7 ಲ್ಯಾಬಿನ ಬೀರುವಿನಲ್ಲಿ, ಮೇಲಿನ ತಟ್ಟೆಯಲ್ಲಿದೆ. ನೋಡಬೇಕಾದವರು ನೋಡಿ, ಅಲ್ಲೇ ಇಡಿ.